ಯಂತ್ರ ಓಡುತ್ತದೆ, ಹಾಲು ತಣ್ಣಗಾಗುವುದಿಲ್ಲ: ಏನು ಮಾಡಬೇಕು?



ಈಗ ಅನೇಕ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲನ್ನು ತಂಪು ಮಾಡಿ ಇಡುವ ದೊಡ್ಡ ಉಕ್ಕಿನ ತೊಟ್ಟಿ ಇದೆ. ಅದನ್ನು ನಾವೆಲ್ಲರೂ ಬಿ.ಎಂ.ಸಿ. ಎನ್ನುತ್ತೇವೆ. ಆಗತಾನೆ ಕರೆದ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಶಾಖದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಹಾಲನ್ನು ಮೂರು ಗಂಟೆಯೊಳಗಾಗಿ 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ತಗ್ಗುತ್ತದೆ. ಇಳಿಸದಿದ್ದರೆ ಕೆಡುವುದು ಒಂದು ಮನೆಯ ಹಾಲಲ್ಲ, ಇಡೀ ಊರಿನ ಹಾಲು.

ಕಳೆದ ಬೇಸಿಗೆಯಲ್ಲಿ ನಾನು ಒಂದು ಊರಿಗೆ ಹೋದಾಗ ಯಂತ್ರ ಸದ್ದು ಮಾಡುತ್ತಲೇ ಇತ್ತು. ಸಂಜೆಯ ಹಾಲು ಮಾತ್ರ ಎರಡು ಗಂಟೆಯಾದರೂ 20 ಡಿಗ್ರಿಯಲ್ಲಿಯೇ ನಿಂತಿತ್ತು. ಗ್ಯಾಸು ಮುಗಿದಿದೆಯೆಂದು ಎಲ್ಲರೂ ನಿಶ್ಚಯಿಸಿದ್ದರು. ನೋಡಿದರೆ, ಯಂತ್ರದ ಬೆನ್ನಿಗೆ ಪಶು ಆಹಾರದ ಮೂಟೆಗಳನ್ನು ಒಟ್ಟಿದ್ದರು. ಮೂಟೆ ಸರಿಸಿ ಧೂಳು ತೆಗೆದ ಮೇಲೆ ಹಾಲು ತಣ್ಣಗಾಗತೊಡಗಿತು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಇದರ ಕಾರಣ ಸರಳ. ಯಂತ್ರವು ಹಾಲಿನಲ್ಲಿರುವ ಶಾಖವನ್ನು ಹೀರಿ ಹೊರಗಿನ ಗಾಳಿಗೆ ಬಿಡುತ್ತದೆ. ಹೊರಗೆ ಬಿಡಲು ದಾರಿಯಿಲ್ಲದಿದ್ದರೆ ಒಳಗಿನಿಂದ ಹೀರುವುದಕ್ಕೂ ಆಗದು. ಆದಕಾರಣ ಮೆಕ್ಯಾನಿಕನನ್ನು ಕರೆಯುವ ಮೊದಲು ಕೆಳಗಿನವುಗಳನ್ನು ಕ್ರಮವಾಗಿ ನೋಡಿರಿ.

1. ಗಾಳಿಯ ದಾರಿ: ಫ್ಯಾನಿನ ಮುಂದಿರುವ ತೆಳು ತಗಡುಗಳ ಜಾಲರಿಯೇ ಕಂಡೆನ್ಸರ್. ಇದರಲ್ಲಿ ಧೂಳು, ಹೊಟ್ಟು ಸೇರಿದರೆ ಯಂತ್ರ ಬಿಸಿಯಾಗಿ ತಾನೇ ನಿಲ್ಲುತ್ತದೆ. ಮೇನ್ ಸ್ವಿಚ್ಚು ಆರಿಸಿ, ಮೆತ್ತನೆಯ ಬ್ರಷ್ಷಿನಿಂದ ತಗಡು ಬಾಗದಂತೆ ಉದ್ದಕ್ಕೆ ಉಜ್ಜಿರಿ. ಸುತ್ತ ಯಾವ ಸಾಮಾನನ್ನೂ ಇಡಬೇಡಿರಿ.

2. ಕಲಕುವ ರೆಕ್ಕೆ: ತೊಟ್ಟಿಯೊಳಗಿನ ರೆಕ್ಕೆ ತಿರುಗದಿದ್ದರೆ ತಳದ ಹಾಲು ಹೆಪ್ಪುಗಟ್ಟಿ, ಮೇಲಿನದು ಬೆಚ್ಚಗೇ ಉಳಿಯುತ್ತದೆ.

3. ವಿದ್ಯುತ್ತು: ಮೂರು ಫೇಸುಗಳೂ ಬರುತ್ತಿವೆಯೇ, ವೋಲ್ಟೇಜು ಸಾಕಷ್ಟಿದೆಯೇ ನೋಡಿರಿ. ಟ್ರಾನ್ಸ್‌ಫಾರ್ಮರಿನ ಅಥವಾ ಜನರೇಟರಿನ ತಂತಿ ಬದಲಾದ ಮೇಲೆ ಮೂರು ಫೇಸಿನ ಫ್ಯಾನು ಹಿಂದುಮುಂದಾಗಿ ತಿರುಗುವುದುಂಟು. ಇದನ್ನು ಲೈನ್‌ಮನ್ ಇಲ್ಲವೆ ಮೆಕ್ಯಾನಿಕನೇ ಸರಿಪಡಿಸಬೇಕು. ಕಂಪ್ರೆಸರ್ ನಿಂತರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿರಿ. ಐದು ನಿಮಿಷವಾದರೂ ಬಿಡಿರಿ.

4. ಹಾಲಿನ ಪ್ರಮಾಣ: ಎರಡು ಹೊತ್ತಿನ ಹಾಲಿಗೆಂದು ಮಾಡಿದ ತೊಟ್ಟಿಗೆ ಒಂದು ಹೊತ್ತಿಗೆ ಅರ್ಧ ಮಾತ್ರ ಹಾಕಬೇಕು. ಒಮ್ಮೆಗೇ ತುಂಬಿದರೆ ಒಳ್ಳೆಯ ಯಂತ್ರವೂ ಹೊತ್ತಿಗೆ ಸರಿಯಾಗಿ ತಂಪು ಮಾಡಲಾರದು.

5. ಗ್ಯಾಸು: ಮೇಲಿನವೆಲ್ಲ ಸರಿಯಿದ್ದು, ಕಂಪ್ರೆಸರ್ ಓಡುತ್ತಿದ್ದರೂ ಫ್ಯಾನಿನಿಂದ ಬರುವ ಗಾಳಿ ಬಿಸಿಯಾಗಿಲ್ಲದಿದ್ದರೆ ಗ್ಯಾಸು ಸೋರಿರಬಹುದು. ಕೊಳವೆಯ ಬೆಸುಗೆಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅದೂ ಸೋರಿಕೆಯ ಗುರುತು. ಇದಕ್ಕೆ ನೀವು ಕೈಹಾಕಬೇಡಿರಿ. ಆದರೆ ಸೋರುವ ಕಡೆ ಮುಚ್ಚಿದ ಮೇಲೆಯೇ ಗ್ಯಾಸು ತುಂಬಬೇಕೆಂದು ಮೆಕ್ಯಾನಿಕನಿಗೆ ಒತ್ತಿ ಹೇಳಿರಿ. ತೂತು ಬಿಂದಿಗೆಗೆ ನೀರು ತುಂಬಿ ಫಲವೇನು?

ಇಷ್ಟು ನೋಡುವುದರೊಳಗೆ ಹಾಲು ನಿಮಗಾಗಿ ಕಾಯುವುದಿಲ್ಲ. ಅರ್ಧ ಗಂಟೆಯಲ್ಲಿ ದೋಷ ಸಿಗದಿದ್ದರೆ ಕೂಡಲೇ ಒಕ್ಕೂಟಕ್ಕೆ ತಿಳಿಸಿ, ಹಾಲನ್ನು ಸಮೀಪದ ಶೀತಲ ಕೇಂದ್ರಕ್ಕೆ ಸಾಗಿಸಿರಿ. ಹಾಲಿಗೆ ಮಂಜುಗಡ್ಡೆಯನ್ನಾಗಲಿ, ಸೋಡಾವನ್ನಾಗಲಿ ಬೆರೆಸುವುದು ಕಲಬೆರಕೆಯೇ ಸರಿ, ಅದು ಅಪರಾಧ.

ಪ್ರತಿ ಹೊತ್ತೂ ಹಾಲು ಹಾಕಿದ ವೇಳೆ ಮತ್ತು ಅರ್ಧ ಗಂಟೆಗೊಮ್ಮೆ ಅದರ ಉಷ್ಣತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಸಂಘದ ಕಾರ್ಯದರ್ಶಿಗಳನ್ನು ಕೇಳಿಕೊಳ್ಳಿರಿ. ಮೂರು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯತೊಡಗಿದರೆ, ಯಂತ್ರ ನಿಲ್ಲುವ ಮೊದಲೇ ಪುಸ್ತಕ ನಿಮ್ಮನ್ನು ಎಚ್ಚರಿಸುತ್ತದೆ. ತೊಟ್ಟಿ ಸಂಘದ್ದು, ಸಂಘ ನಿಮ್ಮದು. ನಾಳೆ ಹಾಲು ಹಾಕಲು ಹೋದಾಗ ಯಂತ್ರದ ಹಿಂಬದಿಯನ್ನೂ ಒಮ್ಮೆ ನೋಡಿ ಬನ್ನಿರಿ.