ರೋಮ್ ಸಾಮ್ರಾಜ್ಯದಲ್ಲಿ ಆಫ್ರಿಕದ ಜನರು



ವೃತ್ತಿಯಿಂದ ವೈದ್ಯನಾದ ನಾನು ಇತಿಹಾಸವನ್ನು ಕುರಿತು ಮಾತನಾಡುವುದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ “ನೀನು ನಿಜವಾಗಿ ಎಲ್ಲಿಯವನು?” ಎಂಬ ಪ್ರಶ್ನೆ ತಪ್ಪಿದ್ದಲ್ಲ. ದೂರದೇಶದವರು ಈ ದ್ವೀಪಕ್ಕೆ ಬಂದುದು ಇತ್ತೀಚೆಗಷ್ಟೇ ಎಂಬ ಭಾವನೆ ಆ ಪ್ರಶ್ನೆಯ ಹಿಂದಿದೆ. ಅದು ಸರಿಯಲ್ಲ.

ರೋಮನ್ನರ ಕಾಲದ ಆಫ್ರಿಕದಲ್ಲಿ ಈಜಿಪ್ಟಿನವರು, ಕಾರ್ಥೇಜಿನವರು, ಮೂರರು ಮುಂತಾಗಿ ಅನೇಕ ಜನವರ್ಗಗಳಿದ್ದವು. ಸಹರಾ ಮರುಭೂಮಿಯ ನಡುವೆ, ಇಂದಿನ ಲಿಬಿಯದ ಫೆಜ್ಜಾನ್ ಪ್ರದೇಶದಲ್ಲಿ, ಗರಮಾಂಟರು ವಾಸಿಸುತ್ತಿದ್ದರು. ಗರಮ ಅವರ ರಾಜಧಾನಿ. ನೆಲದಡಿ ಸುರಂಗಗಳನ್ನು ತೋಡಿ, ಅಂತರ್ಜಲವನ್ನು ಇಳಿಜಾರಿನಲ್ಲಿ ಹೊಲಗಳಿಗೆ ಹರಿಸಿ, ಅವರು ಗೋಧಿ, ಖರ್ಜೂರ ಬೆಳೆದರು. ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಸುರಂಗ ಕಾಲುವೆಯನ್ನು ಕಂಡವರಿಗೆ ಈ ವಿಧಾನ ಪರಿಚಿತವೇ.

ಕ್ರಿ.ಪೂ. 19ರಲ್ಲಿ ರೋಮಿನ ಸೇನಾಪತಿ ಕಾರ್ನೇಲಿಯಸ್ ಬಾಲ್ಬಸನು ಗರಮಾಂಟರ ಮೇಲಿನ ಗೆಲುವಿಗಾಗಿ ವಿಜಯೋತ್ಸವ ಆಚರಿಸಿದನು. ಮುಂದೆ ವ್ಯಾಪಾರ ಬೆಳೆಯಿತು. ರೋಮಿನ ಗಾಜಿನ ಪಾತ್ರೆಗಳೂ ದ್ರಾಕ್ಷಾರಸದ ಜಾಡಿಗಳೂ ಫೆಜ್ಜಾನಿನ ಸಮಾಧಿಗಳಲ್ಲಿ ದೊರೆತಿವೆ. ಉತ್ತರಕ್ಕೆ ಸಾಗಿದವರಲ್ಲಿ ಗುಲಾಮರೂ ಇದ್ದರೆಂದು ವಿದ್ವಾಂಸರು ಹೇಳುತ್ತಾರೆ; ಈ ಕಹಿಯನ್ನು ನಾವು ಮರೆಮಾಚಬಾರದು.

ಇನ್ನು ಬ್ರಿಟನ್ನಿಗೆ ಬರೋಣ. ಲಿಬಿಯದ ಕರಾವಳಿಯ ಲೆಪ್ಟಿಸ್ ಮ್ಯಾಗ್ನಾ ನಗರದಲ್ಲಿ ಕ್ರಿ.ಶ. 145ರಲ್ಲಿ ಜನಿಸಿದ ಸೆಪ್ಟಿಮಿಯಸ್ ಸೆವೆರಸನು 193ರಲ್ಲಿ ಚಕ್ರವರ್ತಿಯಾಗಿ, 211ರಲ್ಲಿ ಯಾರ್ಕ್ ನಗರದಲ್ಲಿ ಮಡಿದನು. ಹೇಡ್ರಿಯನ್ ಗೋಡೆಯ ಪಶ್ಚಿಮ ಭಾಗದಲ್ಲಿ ಮೂರರ ಸೇನಾದಳವೊಂದು ನೆಲೆಸಿತ್ತೆಂದು 3ನೆಯ ಶತಮಾನದ ಶಾಸನವೊಂದು ತಿಳಿಸುತ್ತದೆ.

ಯಾರ್ಕ್‌ನಲ್ಲಿಯೇ 1901ರಲ್ಲಿ 4ನೆಯ ಶತಮಾನದ ತರುಣಿಯೊಬ್ಬಳ ಕಲ್ಲಿನ ಶವಪೆಟ್ಟಿಗೆ ದೊರೆಯಿತು. ಅದರಲ್ಲಿ ಆನೆದಂತದ ಬಳೆಗಳಿದ್ದವು. ಬಾಲ್ಯದಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಎನಾಮಲಿನಲ್ಲಿ ಜೀವಮಾನವಿಡೀ ಉಳಿಯುತ್ತದೆ. ಆ ಗುರುತನ್ನೂ ತಲೆಬುರುಡೆಯನ್ನೂ ಪರೀಕ್ಷಿಸಿದ ರೆಡಿಂಗ್ ವಿಶ್ವವಿದ್ಯಾಲಯದ ತಜ್ಞರು, ಆಕೆ ಬೇರೆಡೆ ಬೆಳೆದಿರಬಹುದು, ಆಕೆಯ ಪೂರ್ವಜರಲ್ಲಿ ಉತ್ತರ ಆಫ್ರಿಕದವರಿರಬಹುದು ಎಂದು 2010ರಲ್ಲಿ ಪ್ರಕಟಿಸಿದರು.

ವೈದ್ಯನಾಗಿ ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಲ್ಲು ನೀರಿನ ಕಥೆಯನ್ನು ಹೇಳೀತು. ಬುರುಡೆಯ ಅಳತೆಯಿಂದ ಮೈಬಣ್ಣ ತಿಳಿಯದು, ಆಕೆ ತನ್ನನ್ನು ಯಾರೆಂದು ಭಾವಿಸಿದ್ದಳೆಂಬುದಂತೂ ತಿಳಿಯದು. ಇಂದಿನ ಆಸ್ಪತ್ರೆಯ ಅರ್ಜಿಯಲ್ಲಿ ಜನಾಂಗಕ್ಕೊಂದರಂತೆ ಇರುವ ಚೌಕಗಳಲ್ಲಿ ಆಕೆಗೆ ಸ್ಥಳವಿಲ್ಲ. ಆದರೆ ಆಕೆಯನ್ನು ಗೌರವದಿಂದ, ಒಡವೆಗಳೊಡನೆ, ತಮ್ಮವಳೆಂದೇ ಆ ಊರಿನವರು ಮಣ್ಣು ಮಾಡಿದರು. ನಮ್ಮ ಮಕ್ಕಳು ಮುಂದಿನ ಸಲ ಆ ಪ್ರಶ್ನೆಯನ್ನು ಹೊತ್ತು ಮನೆಗೆ ಬಂದಾಗ ಈ ತರುಣಿಯ ಕಥೆಯನ್ನು ಅವರಿಗೆ ಹೇಳಿರೆಂದು ಕೋರುತ್ತೇನೆ.