ಬನ್ನೇರುಘಟ್ಟಕ್ಕೆ ಬಂದವರು, ಬಿಟ್ಟು ಹೋದವರು: ಮಕ್ಕಳ ಪ್ರವಾಸಕ್ಕೆ ಮುನ್ನ ಒಂದಿಷ್ಟು ತಿಳಿವಳಿಕೆ



ಈ ಸಲದ ಪ್ರವಾಸ ಎಲ್ಲಿಗೆ ಎಂದು ಕೇಳಿದಾಗ ನಮ್ಮ ಸಂಘದ ಮಕ್ಕಳೆಲ್ಲ ಒಂದೇ ದನಿಯಲ್ಲಿ ಬನ್ನೇರುಘಟ್ಟ ಎಂದರು. ಹೊಸೂರಿನ ನಮಗೆ ಅದು ದೂರದ ಊರಲ್ಲ. ಆನೇಕಲ್, ಜಿಗಣಿ ದಾಟಿದರೆ ಬಂದೇಬಿಟ್ಟಿತು. ದೊಡ್ಡವರಲ್ಲಿ ಅನೇಕರು ತಾವು ಶಾಲೆಗೆ ಹೋಗುವಾಗಲೇ ನೋಡಿ ಬಂದ ಜಾಗ. ಆದರೆ ಆಗ ನೋಡಿದ್ದಕ್ಕೂ ಈಗ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಹೊಸ ಸಫಾರಿ ಬಂದಿದೆ, ಕೆಲವು ಆನೆಗಳು ಬೇರೆ ದೇಶಕ್ಕೆ ಹೋಗಿವೆ, ಅವುಗಳ ಬದಲಿಗೆ ಹೊರದೇಶದ ಪ್ರಾಣಿಗಳು ಬರಬೇಕೆಂಬ ಒಪ್ಪಂದವಾಗಿದೆ. ಏನು ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಮೊದಲೇ ತಿಳಿದು ಹೋದರೆ ಮಕ್ಕಳ ಪ್ರಶ್ನೆಗೆ ನಾವೂ ಉತ್ತರ ಕೊಡಬಹುದು ಎಂದು ಇದನ್ನು ಬರೆಯುತ್ತಿದ್ದೇವೆ.

ಕಾಡು ಬೇರೆ, ಮೃಗಾಲಯ ಬೇರೆ

ಬನ್ನೇರುಘಟ್ಟ ಎಂದರೆ ಎರಡು. ಒಂದು, 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ, ಅಂದರೆ ಕಾಡು. ಇನ್ನೊಂದು, 2002ರಲ್ಲಿ ಅದರಿಂದ ಬೇರೆ ಮಾಡಿದ ಜೈವಿಕ ಉದ್ಯಾನ. ಮೃಗಾಲಯ, ಸಫಾರಿ, ಚಿಟ್ಟೆ ಪಾರ್ಕು, ರಕ್ಷಿಸಿ ತಂದ ಪ್ರಾಣಿಗಳ ಕೇಂದ್ರ ಇವೆಲ್ಲ ಇರುವುದು ಈ ಎರಡನೆಯದರಲ್ಲಿ. ಅದರ ವಿಸ್ತಾರ 730 ಹೆಕ್ಟೇರಿಗೂ ಹೆಚ್ಚು.

ಕಾಡು ಮಾತ್ರ ರಾಜ್ಯದ ಗಡಿಗೆ ನಿಲ್ಲುವುದಿಲ್ಲ. ಅದು ನಮ್ಮ ಕಡೆಯ ತಳಿ, ಜವಳಗಿರಿ, ಡೆಂಕಣಿಕೋಟೆ ಕಾಡಿಗೆ ಸೇರಿಕೊಂಡಿದೆ. ಮಳೆಗಾಲ ಮುಗಿದು ರಾಗಿ ತೆನೆ ಬಲಿಯುವ ಹೊತ್ತಿಗೆ ಹೊಲಕ್ಕೆ ಬರುವ ಆನೆ ಹಿಂಡುಗಳು ಹೆಚ್ಚಾಗಿ ಆ ಕಡೆಯಿಂದಲೇ ಬರುತ್ತವೆ. ಇದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಮೃಗಾಲಯದ ಬದಲಾವಣೆಗಳಿಗೂ ಈ ಕಾಡಿಗೂ, ನಮ್ಮ ಹೊಲಗಳಿಗೂ ಸಂಬಂಧವಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಚಿರತೆ ಸಫಾರಿ: ಈ ಚಿರತೆಗಳು ಎಲ್ಲಿಂದ ಬಂದವು?

ಈಚಿನ ವರ್ಷಗಳ ದೊಡ್ಡ ಕೆಲಸವೆಂದರೆ 2024ರ ಜೂನ್‌ನಲ್ಲಿ ಆರಂಭವಾದ ಚಿರತೆ ಸಫಾರಿ. ಕಲ್ಲುಬಂಡೆ, ಕುರುಚಲು ಮರಗಳಿರುವ 20 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿ ಚಿರತೆಗಳನ್ನು ಬಿಟ್ಟಿದ್ದಾರೆ. ಹುಲಿ, ಸಿಂಹದ ಸಫಾರಿ ಎಷ್ಟೋ ವರ್ಷಗಳಿಂದ ಇದ್ದರೂ ಚಿರತೆಯದು ಇಷ್ಟು ತಡವಾಗಲು ಕಾರಣವಿದೆ. ಹುಲಿ, ಸಿಂಹಗಳು ಸಾಮಾನ್ಯವಾಗಿ ಎತ್ತರದ ಬೇಲಿ ಹತ್ತುವುದಿಲ್ಲ. ಚಿರತೆ ಹಾಗಲ್ಲ, ಮರ ಹತ್ತುವುದೇ ಅದರ ಬದುಕು. ಆದ್ದರಿಂದ ಎತ್ತರದ ಜಾಲರಿ ಸಾಲದು. ಅದರ ಮೇಲೆ ಉಗುರು ನಾಟದ ನುಣುಪು ಕಬ್ಬಿಣದ ತಗಡನ್ನು ಒಳಮುಖವಾಗಿ ಬಾಗಿಸಿ ಕೂರಿಸಬೇಕು. ಹೋದಾಗ ಆ ಬೇಲಿಯನ್ನು ಮಕ್ಕಳಿಗೆ ತೋರಿಸಿ.

ಒಳಗಿರುವ ಚಿರತೆಗಳನ್ನು ಯಾರೂ ಕಾಡಿಗೆ ಹೋಗಿ ಹಿಡಿದು ತಂದಿಲ್ಲ. ಹೊಲ, ಗದ್ದೆ, ಊರಂಚಿನಲ್ಲಿ ತಾಯಿಯಿಂದ ಬೇರೆಯಾಗಿ ಸಿಕ್ಕ ಮರಿಗಳನ್ನು ಕೇಂದ್ರದಲ್ಲಿ ಸಾಕಿದ್ದಾರೆ. ಚಿರತೆ ಮರಿ ಹಾಕಲು ಕಬ್ಬಿನ ಗದ್ದೆಯನ್ನೂ ಕಾಡೆಂದೇ ತಿಳಿಯುತ್ತದೆ. ಕಟಾವಿಗೆ ಇಳಿದವರಿಗೆ ಮರಿ ಕಾಣುತ್ತದೆ. ಪಾಪ, ತಬ್ಬಲಿ ಎಂದು ಎತ್ತಿಕೊಂಡು ಮನೆಗೆ ತರುತ್ತಾರೆ, ಹಾಲು ಕುಡಿಸುತ್ತಾರೆ, ಫೋಟೋ ತೆಗೆಯುತ್ತಾರೆ. ತಾಯಿ ಮಾತ್ರ ಅಲ್ಲೇ ಹತ್ತಿರದಲ್ಲಿ ಅಡಗಿ ಕತ್ತಲಾಗುವುದನ್ನು ಕಾಯುತ್ತಿರುತ್ತದೆ.

ಹೀಗೆ ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಬೇಟೆ ಕಲಿಸುವವರಿಲ್ಲ, ಮನುಷ್ಯರ ಭಯವೂ ಇಲ್ಲ. ಅದನ್ನು ಮತ್ತೆ ಕಾಡಿಗೆ ಬಿಟ್ಟರೆ ಊರಿಗೇ ಬರುತ್ತದೆ. ಆಮೇಲೆ ಅದರ ಆಯುಷ್ಯವೆಲ್ಲ ಬೇಲಿಯೊಳಗೆ. ಆದ್ದರಿಂದ ನಮ್ಮ ಹೊಲದಲ್ಲಿ ಮರಿ ಕಂಡರೆ ಮುಟ್ಟಬೇಡಿ. ಕೆಲಸ ನಿಲ್ಲಿಸಿ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಮರಿಯನ್ನು ಸಿಕ್ಕ ಜಾಗದಲ್ಲೇ ಬಿಟ್ಟರೆ ಎಷ್ಟೋ ಸಲ ಅದೇ ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಪ್ರವಾಸದಿಂದ ಮಕ್ಕಳು ಈ ಒಂದು ಮಾತನ್ನು ಮನೆಗೆ ತಂದರೂ ಸಾಕು.

ಜಪಾನಿಗೆ ಹೋದ ನಾಲ್ಕು ಆನೆಗಳು

2025ರ ಜುಲೈನಲ್ಲಿ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ಬೆಂಗಳೂರಿನಿಂದ ಸರಕು ವಿಮಾನದಲ್ಲಿ ಜಪಾನಿನ ಒಸಾಕಾಕ್ಕೆ ಹೋಗಿ, ಅಲ್ಲಿಂದ ಹಿಮೇಜಿ ಸೆಂಟ್ರಲ್ ಪಾರ್ಕ್ ಸೇರಿದವು. ಎಲ್ಲಕ್ಕಿಂತ ಚಿಕ್ಕವಳು ತುಳಸಿ, ಐದು ವರ್ಷ. ತಿಂಗಳುಗಟ್ಟಲೆ ಮೊದಲೇ ಪೆಟ್ಟಿಗೆಯೊಳಗೆ ಹೋಗಿ ನಿಲ್ಲುವ ಅಭ್ಯಾಸ ಮಾಡಿಸಿದ್ದರು. ಹೊಸ ಜಾಗಕ್ಕೆ ಹೊಂದಿಕೊಳ್ಳಲೆಂದು ವೈದ್ಯರೂ ಮಾವುತರೂ ಜೊತೆಗೆ ಹೋದರು. ಇದು ಮೊದಲ ಸಲವೂ ಅಲ್ಲ. 2021ರಲ್ಲಿ ಮೈಸೂರು ಮೃಗಾಲಯದಿಂದ ಮೂರು ಆನೆಗಳು ಜಪಾನಿನ ತೊಯೊಹಾಶಿಗೆ ಹೋಗಿದ್ದವು.

ಮನೆಯ ಮಕ್ಕಳಂತಿದ್ದವನ್ನು ಏಕೆ ಕಳಿಸಬೇಕು ಎಂಬ ಪ್ರಶ್ನೆ ಆಗ ಬಹಳ ಜನರಿಂದ ಬಂತು. ಉತ್ತರದ ಒಂದು ಭಾಗ ಅಲ್ಲಿನ ಪದ್ಧತಿಯಲ್ಲೇ ಇದೆ. ಬನ್ನೇರುಘಟ್ಟದ ಆನೆಗಳನ್ನು ಹಗಲೂ ರಾತ್ರಿ ಕಟ್ಟಿಹಾಕುವುದಿಲ್ಲ. ಸಂಜೆ ಪಕ್ಕದ ಕಾಡಿಗೆ ಮೇಯಲು ಬಿಟ್ಟು ಬೆಳಗ್ಗೆ ಮಾವುತರು ಹುಡುಕಿ ಕರೆತರುತ್ತಾರೆ. ಕಾಡಿನ ಸಲಗಗಳು ಅಲ್ಲಿಗೆ ಬರುತ್ತವೆ, ಹೆಣ್ಣಾನೆಗಳು ಮರಿ ಹಾಕುತ್ತವೆ. ಯಾವುದೋ ಮರಿಯ ತಂದೆ ನಮ್ಮ ಜವಳಗಿರಿಯ ರಾಗಿ ಹೊಲದಲ್ಲಿ ತಿಂದು ಹೋದ ಸಲಗವೇ ಆಗಿದ್ದರೂ ಆಶ್ಚರ್ಯವಿಲ್ಲ. ಹೀಗೆ ಹಿಂಡು ಇಪ್ಪತ್ತನ್ನು ದಾಟಿತು. ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಜಾಗ, ಮೇವು, ಮಾವುತರು ಎಲ್ಲಕ್ಕೂ ಮಿತಿಯಿದೆ.

ಹಾಗೆಂದು ಇದು ಸಲೀಸಾದ ತೀರ್ಮಾನವೂ ಅಲ್ಲ. ಕಾಡಿನಲ್ಲಿ ಗಂಡಾನೆ ಪ್ರಾಯಕ್ಕೆ ಬಂದಾಗ ಹಿಂಡು ಬಿಡುತ್ತದೆ, ಹೆಣ್ಣು ಹಾಗಲ್ಲ. ಅದು ತಾಯಿ, ಅಜ್ಜಿ, ಚಿಕ್ಕಮ್ಮಂದಿರ ಜೊತೆಗೇ ಬದುಕು ಕಳೆಯುತ್ತದೆ. ಐದು ವರ್ಷದ ಹೆಣ್ಣುಮರಿಯನ್ನು ಹಿಂಡಿನಿಂದ ಬಿಡಿಸುವುದು ಚಿಕ್ಕ ಮಾತಲ್ಲ. ನಾಲ್ಕನ್ನೂ ಒಟ್ಟಿಗೆ ಕಳಿಸಿದ್ದರಿಂದ ಪರಿಚಿತರ ಜೊತೆಯಾದರೂ ಉಳಿಯಿತು. ಲಾಭ, ನಷ್ಟ ಎರಡನ್ನೂ ಮಕ್ಕಳ ಮುಂದೆ ಇಟ್ಟು ಅವರೇ ಯೋಚಿಸಲಿ ಎಂಬುದು ನಮ್ಮ ಅಭಿಪ್ರಾಯ.

ಬದಲಿಗೆ ಬರುವವರು

ಈ ವಿನಿಮಯದ ಒಪ್ಪಂದದಲ್ಲಿ ಬನ್ನೇರುಘಟ್ಟಕ್ಕೆ ಸಿಗಬೇಕಾದವು ನಾಲ್ಕು ಚೀತಾ, ನಾಲ್ಕು ಜಾಗ್ವಾರ್, ನಾಲ್ಕು ಪ್ಯೂಮಾ, ಮೂರು ಚಿಂಪಾಂಜಿ ಮತ್ತು ಎಂಟು ಕ್ಯಾಪುಚಿನ್ ಕೋತಿಗಳು. ಚೀತಾ, ಜಾಗ್ವಾರ್, ನಮ್ಮ ಚಿರತೆ ಇವು ಒಂದೇ ಎಂದು ತಿಳಿಯುವವರು ಬಹಳ. ಗುರುತು ಸುಲಭ. ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆ ಇದ್ದರೆ ಚೀತಾ. ಮೈಮೇಲಿನ ಉಂಗುರಗಳ ನಡುವೆ ಮತ್ತೆ ಚಿಕ್ಕ ಚುಕ್ಕೆಗಳಿದ್ದರೆ ಅಮೆರಿಕ ಖಂಡದ ಜಾಗ್ವಾರ್. ಉಂಗುರದ ನಡುವೆ ಖಾಲಿಯಿದ್ದರೆ ನಮ್ಮ ಚಿರತೆ. ಪ್ಯೂಮಾ ಬೆಳೆದ ಮೇಲೆ ಚುಕ್ಕೆಯೇ ಇರುವುದಿಲ್ಲ.

ಪ್ರಾಣಿ ಬಂದ ಮರುದಿನವೇ ಏಕೆ ತೋರಿಸುವುದಿಲ್ಲ ಎಂದು ಕೇಳುವವರುಂಟು. ಹೊರಗಿನಿಂದ ಬಂದದ್ದನ್ನು ಮೊದಲು ಕ್ವಾರಂಟೈನಿನಲ್ಲಿ ಇಡಲೇಬೇಕು. ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಪ್ರಾಣಿ ವಿನಿಮಯವೂ ಆಗುವುದಿಲ್ಲ. ಈ ಎಚ್ಚರಿಕೆಯ ಬೆಲೆ ಏನೆಂದು ಬನ್ನೇರುಘಟ್ಟಕ್ಕೆ ಚೆನ್ನಾಗಿ ಗೊತ್ತು. 2023ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲ್ಲಿ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಗೆ ತಗಲುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗದಿಂದ ಸತ್ತವು. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ. ಊರಿನ ಬೆಕ್ಕುಗಳಲ್ಲೂ ಇರುವ ರೋಗ ಅದು. ಪಾತ್ರೆ, ಚಪ್ಪಲಿ, ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಪ್ರವಾಸಕ್ಕೆ ಬರುವವರ ಗಮನಕ್ಕೆ

ಮಂಗಳವಾರ ಉದ್ಯಾನಕ್ಕೆ ರಜೆ. ಸಫಾರಿ ವಾಹನದ ಕಿಟಕಿಯಿಂದ ಕೈ, ಮೊಬೈಲು ಹೊರಗೆ ಹಾಕುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಸಫಾರಿ ಜೀಪಿನಲ್ಲಿದ್ದ ಹುಡುಗನೊಬ್ಬನ ಕೈಯನ್ನು ಚಿರತೆ ಪರಚಿದ್ದನ್ನು ನೀವೂ ಕೇಳಿರಬಹುದು. ತಿಂಡಿ ಎಸೆಯುವುದು, ಗಾಜು ಬಡಿಯುವುದು, ಕೂಗಿ ಎಬ್ಬಿಸುವುದು ಬೇಡ.

ಮಕ್ಕಳಿಗೆ ಒಂದು ಕೆಲಸವನ್ನೂ ಕೊಟ್ಟಿದ್ದೇವೆ. ಪ್ರತಿ ಆವರಣದ ಮುಂದಿನ ಕನ್ನಡ ಫಲಕವನ್ನು ಅವರೇ ಗಟ್ಟಿಯಾಗಿ ಓದಬೇಕು. ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಓದಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈ ಪ್ರಾಣಿ ಎಲ್ಲಿಂದ ಬಂತು? ಏಕೆ ಬಂತು? ಮತ್ತೆ ಕಾಡಿಗೆ ಹೋಗಬಲ್ಲದೇ? ಫಲಕದಲ್ಲಿ ಉತ್ತರ ಸಿಗದಿದ್ದರೆ ಅಲ್ಲಿನ ಪ್ರಾಣಿಪಾಲಕರನ್ನು ಕೇಳಿ. ವರ್ಷಗಟ್ಟಲೆ ಅವುಗಳ ಜೊತೆ ಇದ್ದವರು ಅವರು. ಕನ್ನಡದಲ್ಲಿ ಕೇಳಿದರೆ ಇನ್ನೂ ಖುಷಿಯಿಂದ ಹೇಳುತ್ತಾರೆ.

ಹೆಸರು ಕೊಡುವವರು ಬೇಗ ಕೊಡಿ. ಬುತ್ತಿ, ನೀರು ಸ್ಟೀಲಿನ ಡಬ್ಬಿಯಲ್ಲೇ ಇರಲಿ, ಪ್ಲಾಸ್ಟಿಕ್ ತರಬೇಡಿ. ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಅವರು ಕಂಡ ಬನ್ನೇರುಘಟ್ಟದ ಕತೆ ಬಸ್ಸಿನಲ್ಲಿ ಮಕ್ಕಳಿಗೆ ಬೇಕು.