ಹಳೆಯ ಫಟಫಟಿಗೆ ಹೊಸ ಕಾಯಿದೆ

ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ, ಶಾಲೆಗೆ ಹೋಗುವ ಮಗು, ಇಷ್ಟನ್ನೂ ಒಂದೇ ಬೆಳಗಿನಲ್ಲಿ ಸಾಗಿಸಿಕೊಡುವ ಸಂಗಾತಿ ಯಾರೆಂದು ಗೋವೆಯಲ್ಲಿ ನೆಲೆಸಿರುವ ನಮ್ಮ ರೈತ ಬಂಧುಗಳನ್ನು ಕೇಳಿದರೆ ಅನೇಕರು ಕೊಟ್ಟಿಗೆಯ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿ ಗೋಣಿತಾಟು ಹೊದ್ದು ನಿಂತಿರುವುದು ಹಳೆಯ ಫಟಫಟಿ. ಒಬ್ಬರಲ್ಲಿ ಬುಲೆಟ್ಟು, ಇನ್ನೊಬ್ಬರಲ್ಲಿ ರಾಜದೂತ, ಮತ್ತೊಬ್ಬರಲ್ಲಿ ನಮ್ಮ ಮೈಸೂರಿನ ಜಾವಾ ಇಲ್ಲವೆ ಯೆಜ್ಡಿ.

ಈ ಗಾಡಿಗಳ ಬಗೆಗೆ ಎರಡು ಬಗೆಯ ಮಾತು ಊರೂರು ತಿರುಗುತ್ತಿವೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಸರಕಾರವು ಗುಜರಿಗೆ ಹಾಕಿಸುತ್ತದೆ ಎಂಬುದು ಒಂದು. ಹಳೆಯ ಗಾಡಿಯನ್ನು ‘ವಿಂಟೇಜ್’ ಎಂದು ಬರೆಸಿಬಿಟ್ಟರೆ ಮುಂದೆ ಯಾರ ಕಾಟವೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತಿಗೆ ಹೆದರಿ ಒಳ್ಳೆಯ ಗಾಡಿಯನ್ನು ಮೂರು ಕಾಸಿಗೆ ಮಾರಿದವರುಂಟು. ಎರಡನೆಯದನ್ನು ನಂಬಿ ಕಾಗದಪತ್ರಗಳ ಗೊಡವೆಯನ್ನೇ ಬಿಟ್ಟವರುಂಟು. ಎರಡೂ ಮಾತು ತಪ್ಪು. ಅದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ, ದಂಡ ತೆತ್ತು ಕಲಿತೆವು.

ನಮ್ಮ ತೀರ್ಥರೂಪರು 1978ರಲ್ಲಿ ಒಂದು ಯೆಜ್ಡಿ ಕೊಂಡಿದ್ದರು. ನಂಬರು ಹಳೆಯ ‘ಎಂ.ವೈ.’ ಅಕ್ಷರದ್ದು. ಅವರು ತೀರಿಕೊಂಡ ಮೇಲೆ ನಾವು ಆ ಗಾಡಿಯನ್ನು ಘಟ್ಟ ಇಳಿಸಿ ಗೋವೆಗೆ ತಂದು, ಮೂರು ವರ್ಷ ಹಾಲು ಹುಲ್ಲು ಸಾಗಿಸಿದೆವು. ಒಂದು ದಿನ ದಾರಿಯಲ್ಲಿ ತಪಾಸಣೆಯಾಯಿತು. ಪುಸ್ತಕ ತೆರೆದು ನೋಡಿದರೆ ಹೆಸರು ತೀರ್ಥರೂಪರದು, ನಂಬರು ಕರ್ನಾಟಕದ್ದು, ನೋಂದಣಿಯ ಅವಧಿ ಮುಗಿದು 26 ತಿಂಗಳು! ‘ಮಾಸ್ತರರೇ, ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ?’ ಎಂದು ಆ ಅಧಿಕಾರಿ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದೆ ಸಾರಿಗೆ ಕಚೇರಿಗೆ ಹೋದಾಗ ಇನ್ನೊಂದು ತೊಡಕು ಎದುರಾಯಿತು. ನಮ್ಮದು ಕೈಬರಹದ ಪುಸ್ತಕ. ಅದರ ವಿವರ ‘ವಾಹನ್’ ಎಂಬ ಸರಕಾರಿ ಗಣಕಯಂತ್ರದ ದಾಖಲೆಯಲ್ಲಿ ಇರಲೇ ಇಲ್ಲ. ಗಾಡಿಯನ್ನು ಮೊದಲು ನೋಂದಾಯಿಸಿದ ಕಚೇರಿಯಲ್ಲಿಯೇ ಹಳೆಯ ಖಾತೆಯನ್ನು ತೆಗೆಸಿ ಅದರಲ್ಲಿ ಏರಿಸಬೇಕು. ಆಮೇಲೆ ವಾರಸಾ ಹಕ್ಕು, ಆಮೇಲೆ ನವೀಕರಣ, ಆಮೇಲೆ ಆಕ್ಷೇಪಣೆ ಇಲ್ಲವೆಂಬ ಪತ್ರ, ಕೊನೆಗೆ ಗೋವೆಯ ನಂಬರು. ನಾಲ್ಕು ಸಲ ಘಟ್ಟ ಹತ್ತಿ ಇಳಿದೆವು. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿಯಂತೆ 7,800 ರೂಪಾಯಿ ಹೆಚ್ಚಿನ ಶುಲ್ಕವೇ ಆಯಿತು. ಆ ಹಣದಲ್ಲಿ ಇಂಜಿನ್ನಿಗೆ ಹೊಸ ಪಿಸ್ಟನ್ನು ಹಾಕಿಸಿ, ಎರಡು ಟಾಯರು ಕೊಳ್ಳಬಹುದಿತ್ತು. ಆದಕಾರಣ ನಮ್ಮ ಪಾಡು ಇತರರಿಗೆ ಬಾರದಿರಲೆಂದು ಈ ನಾಲ್ಕು ಮಾತು.

ಮೊದಲು ಕಾಯಿದೆಯ ಬುಡ ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಉಪಯೋಗದ ಗಾಡಿಯ ನೋಂದಣಿಯು 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ಕಚೇರಿಗೆ ಒಯ್ದು ತೋರಿಸಿ, ಅದು ರಸ್ತೆಗೆ ಯೋಗ್ಯವೆಂದು ಕಂಡುಬಂದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಇಷ್ಟು ಸಲ ಮಾತ್ರ ಎಂಬ ಮಿತಿ ಅದರಲ್ಲಿಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ಗುಜರಿ ಧೋರಣೆಯು ಕೂಡ ಗಾಡಿಯ ಯೋಗ್ಯತೆಯನ್ನು ನೋಡುತ್ತದೆಯೇ ಹೊರತು ಬರಿಯ ವಯಸ್ಸನ್ನಲ್ಲ. ಪೆಟ್ರೋಲು ಗಾಡಿಗೆ ಹದಿನೈದೇ ವರ್ಷವೆಂಬ ಕಟ್ಟು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಅಲ್ಲಿಯ ಹೊಗೆಯ ಕಾರಣದಿಂದ 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕೊಟ್ಟ ಆದೇಶಗಳಿಂದ ಅದು ಬಂತು. ದಿಲ್ಲಿಯ ಸುದ್ದಿ ಕೇಳಿ ಕಾಣಕೋಣದಲ್ಲಿ ಗಾಡಿ ಮಾರುವುದು ಜಾಣತನವಲ್ಲ.

ಆದರೆ ಖರ್ಚು ಏರಿದೆ ಎಂಬುದು ನಿಜ. 2022ರ ಏಪ್ರಿಲ್ 1ರಿಂದ ಹಳೆಯ ಮೋಟಾರು ಸೈಕಲ್ಲಿನ ನವೀಕರಣ ಶುಲ್ಕ 1,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ಮೀರಿದ ಮೋಟಾರು ಸೈಕಲ್ಲುಗಳಿಗೆ ಅದು 2,000 ರೂಪಾಯಿಗೆ ಏರಿತು. ರಾಜ್ಯದ ತೆರಿಗೆಗಳು ಬೇರೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತಾದ್ದರಿಂದ ಅಲ್ಲಿ ಹುಟ್ಟಿದ ಅತಿ ಕಿರಿಯ ಗಾಡಿಗೂ ಈಗ ಇಪ್ಪತ್ತು ದಾಟಿದೆ. ಪೋರ್ತುಗೀಜರ ಕಾಲದಲ್ಲಿ ಯುರೋಪಿನಿಂದ ತರಿಸಿದ ಗಾಡಿಗಳನ್ನು ಇಂದಿಗೂ ಗೋವೆಯ ಕೆಲವು ಮನೆತನಗಳು ಕಾಪಾಡಿಕೊಂಡಿವೆ. ಅಂಥ ಪರದೇಶದ ಎರಡು ಗಾಲಿಯ ಗಾಡಿಗೆ 20 ವರ್ಷ ಮೀರಿದಲ್ಲಿ ಅದೇ ನವೀಕರಣ ಶುಲ್ಕ 20,000 ರೂಪಾಯಿ.

ಇನ್ನು ವಿಂಟೇಜ್ ಎಂಬುದರ ವಿಚಾರ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಇದಕ್ಕೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು. ಚಾಸಿ, ಇಂಜಿನ್ನು, ಮೈಕಟ್ಟು ಮೂಲರೂಪದಲ್ಲಿಯೇ ಇರಬೇಕು. ಹೊಸದಾಗಿ ಬರೆಸಲು 20,000 ರೂಪಾಯಿ, ಅವಧಿ 10 ವರ್ಷ. ಆಮೇಲಿನ ಮರುನೋಂದಣಿಗೆ 5,000 ರೂಪಾಯಿ. ಇಲ್ಲಿ ನಮ್ಮ ರೈತರು ತಿಳಿಯಬೇಕಾದ ಮುಖ್ಯ ಅಂಶವೊಂದುಂಟು. ಹಾಗೆ ಬರೆಸಿದ ಗಾಡಿಯನ್ನು ಪ್ರದರ್ಶನಕ್ಕೆ, ಹಳೆ ಗಾಡಿಗಳ ಮೆರವಣಿಗೆಗೆ, ಪೆಟ್ರೋಲು ಹಾಕಿಸಲು, ದುರಸ್ತಿಗೆ, ಇಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ತರುವಂತಿಲ್ಲ. ಎಂದರೆ, ಅದರ ಮೇಲೆ ಹಾಲಿನ ಕ್ಯಾನು ಏರಿಸಿದರೆ ನಿಯಮಭಂಗ. ಅದು ದೇವರ ರಥವಿದ್ದಂತೆ, ತೇರಿನ ದಿನವಷ್ಟೇ ಎಳೆಯತಕ್ಕದ್ದು. ದುಡಿಯುವ ಗಾಡಿಯುಳ್ಳವರು ಈ ದಾರಿಗೆ ಹೋಗಬಾರದು. ಐವತ್ತು ದಾಟಿದ್ದರೂ ಸಾಮಾನ್ಯ ನವೀಕರಣದಲ್ಲಿಯೇ ಇರುವುದು ಲೇಸು.

ಗಡಿ ದಾಟಿ ಬಾಳುವ ನಮ್ಮವರಿಗೆ ಇನ್ನೂ ಎರಡು ಸೂಚನೆ. ಕರ್ನಾಟಕದ ನಂಬರಿನ ಗಾಡಿಯನ್ನು ಗೋವೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರಿಗೆ ಅರ್ಜಿ ಕೊಡಬೇಕು. ಅದಕ್ಕೆ ಮೊದಲು 28ನೆಯ ನಮೂನೆಯಲ್ಲಿ ಅಲ್ಲಿಯ ಕಚೇರಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತರಬೇಕು. ಎರಡನೆಯದು, ಗಾಡಿಯ ಒಡೆಯರು ತೀರಿಕೊಂಡರೆ ವಾರಸುದಾರರು 30 ದಿನಗಳಲ್ಲಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಹೊಲದ ಉತಾರಕ್ಕೆ ಓಡುವ ನಾವು ಗಾಡಿಯ ಪುಸ್ತಕವನ್ನು ಮರೆಯುತ್ತೇವೆ. ದುಃಖದ ದಿನಗಳಲ್ಲಿ ಇದು ನೆನಪಾಗುವುದು ಕಷ್ಟ. ಆದುದರಿಂದ ಮನೆಯಲ್ಲಿ ಇನ್ನೊಬ್ಬರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ನೋಂದಣಿ ಇಲ್ಲದೆ ಗಾಡಿ ಓಡಿಸಿದರೆ ಮೊದಲ ತಪ್ಪಿಗೆ 2,000ದಿಂದ 5,000 ರೂಪಾಯಿವರೆಗೆ ದಂಡವುಂಟು. ಅದಕ್ಕಿಂತ ದೊಡ್ಡ ಭಯ ಅಪಘಾತದ್ದು. ಅವಧಿ ಮುಗಿದ ಗಾಡಿ ಯಾರಿಗಾದರೂ ತಾಗಿದರೆ ವಿಮೆಯವರು ತಕರಾರು ತೆಗೆಯಬಹುದು. ಪರಿಹಾರದ ಹೊರೆ ಆಗ ಹೊಲದ ಮೇಲೆಯೇ ಬಂದೀತು.

ಪರೀಕ್ಷೆಗೆ ಹೋಗುವ ಮುನ್ನ ಗಾಡಿಯನ್ನು ಅಣಿಗೊಳಿಸಬೇಕು. ಬ್ರೇಕು, ದೀಪ, ಹಾರ್ನು ಸರಿಯಿರಲಿ. ಕರಾವಳಿಯ ಹವೆಗೆ ಚಾಸಿಯ ನಂಬರು ತುಕ್ಕಿನಲ್ಲಿ ಮುಚ್ಚಿಹೋಗುತ್ತದೆ. ಅದನ್ನು ಉಜ್ಜುಕಾಗದದಿಂದ ತಿಕ್ಕಬೇಡಿರಿ, ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೆನ್ಸಿಲಿನ ಅಚ್ಚು ಸ್ಪಷ್ಟವಾಗಿ ಮೂಡುವಂತಿರಲಿ. ಇಂಜಿನ್ನು ಬದಲಿಸಿದ್ದರೆ ಅದು ಪುಸ್ತಕದಲ್ಲಿ ದಾಖಲಾಗಿರಬೇಕು. ಹೊಗೆ ಪರೀಕ್ಷೆಗೆ ಅಂಜಬೇಕಾಗಿಲ್ಲ. 2000ದ ಮಾರ್ಚಿಗೆ ಮೊದಲು ತಯಾರಾದ ಗಾಡಿಗೆ ಇಂಗಾಲದ ಮಾನಾಕ್ಸೈಡು ಶೇಕಡಾ 4.5ರವರೆಗೆ ಇರಬಹುದೆಂದು ನಿಯಮವೇ ಸಡಿಲ ಕೊಟ್ಟಿದೆ. ಹೊಸ ಗಾಡಿಯ ಅಳತೆಯಿಂದ ಅದನ್ನು ಅಳೆಯುವುದಿಲ್ಲ. ಎರಡು ಸ್ಟ್ರೋಕಿನ ಗಾಡಿಗೆ ಎಣ್ಣೆ ಹೆಚ್ಚು ಬೆರೆಸಿದರೆ ಹೊಗೆ ಏಳುತ್ತದೆ.

ಪೆಟ್ರೋಲಿನ ಮಾತೂ ಇದೆ. 2023ರಿಂದ ಶೇಕಡಾ 20ರಷ್ಟು ಎಥನಾಲು ಬೆರೆಸಿದ ಪೆಟ್ರೋಲು ಬರತೊಡಗಿತು. ಅದು ನಮ್ಮ ಕಬ್ಬಿನಿಂದಲೂ ಗೋವಿನಜೋಳದಿಂದಲೂ ಆಗುವ ವಸ್ತು, ಬೆಳೆಗಾರನಾಗಿ ಬೇಡವೆನ್ನುವಂತಿಲ್ಲ. ಆದರೆ ಎಥನಾಲು ನೀರಿನ ಪಸೆಯನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ರಬ್ಬರು ಭಾಗಗಳನ್ನು ಬದಲಿಸಬೇಕಾದೀತೆಂದು ಸರಕಾರವೇ 2025ರಲ್ಲಿ ಹೇಳಿತು. ಪೆಟ್ರೋಲಿನ ನಳಿಗೆಯನ್ನು ಹೊಸ ಬಗೆಯದಕ್ಕೆ ಬದಲಿಸಿರಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟಾಕಿಯನ್ನೂ ಕಾರ್ಬುರೇಟರನ್ನೂ ಬರಿದು ಮಾಡಿರಿ.

ಸರಕಾರದವರಲ್ಲಿ ನಮ್ಮದೊಂದು ಬಿನ್ನಹ. ಕಾಯಿದೆಯ ಕಣ್ಣಿಗೆ ಗಾಡಿಯು ಹದಿನೈದಕ್ಕೆ ಮುದಿಯಾಗುತ್ತದೆ, ಐವತ್ತಕ್ಕೆ ಪೂಜ್ಯವಾಗುತ್ತದೆ. ನಡುವಿನ ಮೂವತ್ತೈದು ವರ್ಷ ಅದು ಬಡವನ ಮನೆಯಲ್ಲಿ ದುಡಿಯುತ್ತದೆ. ಕಪಾಟಿನ ಶೋಕಿಗೆ ಗಾಡಿ ಇಟ್ಟವನಿಗೂ ಹುಲ್ಲು ಹೊರುವವನಿಗೂ ಒಂದೇ ಶುಲ್ಕವೆಂಬುದು ನ್ಯಾಯವೆನಿಸುವುದಿಲ್ಲ. ಶುಲ್ಕ ಇಳಿಸಲಾಗದಿದ್ದರೆ, ವರ್ಷಕ್ಕೊಮ್ಮೆ ಪಂಚಾಯತಿಯ ಅಂಗಳದಲ್ಲಿ ತಪಾಸಣೆಯ ಶಿಬಿರವನ್ನಾದರೂ ನಡೆಸಲಿ. ಕೈಬರಹದ ಪುಸ್ತಕಗಳನ್ನು ಅಲ್ಲಿಯೇ ಗಣಕಯಂತ್ರಕ್ಕೆ ಏರಿಸಿಕೊಳ್ಳಲಿ.

ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡೋಣ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 60 ದಿನ ಮೊದಲಿನಿಂದ ಕೊಡಬಹುದು, ನಮೂನೆ 25. ಈ ಪತ್ರಿಕೆಯನ್ನು ಓದಿ ಮಡಿಸುವ ಮುನ್ನ ಪೆಟ್ಟಿಗೆಯಿಂದ ಗಾಡಿಯ ಪುಸ್ತಕವನ್ನು ತೆಗೆದು ಮೂರು ಸಂಗತಿ ನೋಡಿರಿ: ಯಾರ ಹೆಸರು, ಯಾವ ರಾಜ್ಯ, ಯಾವ ದಿನದವರೆಗೆ. ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಬರೆದಿಡಿರಿ. ನಮ್ಮ ಮನೆಯ ಗೋಡೆಯ ಮೇಲೆ ಈಗ ಅದು ಬರೆದಿದೆ. ಯೆಜ್ಡಿಯು ಗೋವೆಯ ನಂಬರು ಹೊತ್ತು ಇಂದು ಬೆಳಿಗ್ಗೆಯೂ ಡೇರಿಗೆ ಹೋಗಿ ಬಂದಿತು.